ಏಳು ಎಳೆಗಳೂ ನಾಬೋತನ ತೋಟವೂ

ನ್ಯಾಯಾಲಯದ ತೀರ್ಪುಗಳನ್ನು ಓದುವ ರೂಢಿ ನಮ್ಮ ಕುಟುಂಬಗಳಲ್ಲಿ ಇಲ್ಲ. ದಿನಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬಂದುದನ್ನು ಕಂಡು, ಅದು ವಕೀಲರ ವಿಷಯವೆಂದು ಪುಟ ಮಗುಚುತ್ತೇವೆ. ಆದರೆ ಪಹಣಿ ಪತ್ರವೋ ಮನೆ ನಿವೇಶನದ ಖಾತೆಯೋ ಕಪಾಟಿನಲ್ಲಿರುವ ಪ್ರತಿಯೊಬ್ಬರೂ ಒಮ್ಮೆಯಾದರೂ ಗಮನವಿಟ್ಟು ಓದಬೇಕಾದ ತೀರ್ಪೊಂದು 2024ರ ಮೇ 16ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದಿಂದ ಬಂದಿತು. ಕೋಲ್ಕತ್ತಾ ಮಹಾನಗರ ಪಾಲಿಕೆಯು ಸಲ್ಲಿಸಿದ್ದ ಮೇಲ್ಮನವಿಯೊಂದರಲ್ಲಿ ನ್ಯಾಯಮೂರ್ತಿ ಪಿ. ಎಸ್. ನರಸಿಂಹ ಹಾಗೂ ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಅರವಿಂದ ಕುಮಾರ್ ಅವರ ಪೀಠ ನೀಡಿದ ತೀರ್ಪು ಅದು. ಬರೆದವರು ನ್ಯಾಯಮೂರ್ತಿ ನರಸಿಂಹ. ಸಾರ್ವಜನಿಕರ ಹೆಸರಿನಲ್ಲಿ ಪ್ರಜೆಯೊಬ್ಬನ ಆಸ್ತಿಯನ್ನು ಸರ್ಕಾರವು ಎಷ್ಟರಮಟ್ಟಿಗೆ, ಯಾವ ಕ್ರಮದಲ್ಲಿ ತೆಗೆದುಕೊಳ್ಳಬಹುದು ಎಂಬ ಪ್ರಶ್ನೆಗೆ ಇಷ್ಟು ತಿಳಿಯಾದ ಉತ್ತರ ಅಪರೂಪ. ಆ ತೀರ್ಪಿನ ಬಗೆಗೆ ನನಗಿರುವುದು ಮೆಚ್ಚುಗೆಯೇ. ಆದರೂ ಒಂದು ಅತೃಪ್ತಿ ಉಳಿದಿದೆ. ಎರಡನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಮೊಕದ್ದಮೆಯ ಸಂಗತಿ. ಕೋಲ್ಕತ್ತಾದ ನಾರಿಕೇಲಡಾಂಗಾ ಉತ್ತರ ರಸ್ತೆಯಲ್ಲಿ ಒಬ್ಬರ ಸ್ವತ್ತು ಇತ್ತು. ಅದನ್ನು ಉದ್ಯಾನವನಕ್ಕಾಗಿ ತಾನು ಸ್ವಾಧೀನಪಡಿಸಿಕೊಂಡಿರುವುದಾಗಿ ಪಾಲಿಕೆ ಹೇಳಿತು. 2009ರಲ್ಲಿ ಅದರ ಸಿಬ್ಬಂದಿ ಬಲವಂತವಾಗಿ ಒಳನುಗ್ಗಲು ಯತ್ನಿಸಿದರು. ಮರುವರ್ಷ ದಾಖಲೆಯಿಂದ ಮಾಲೀಕರ ಹೆಸರು ಅಳಿದುಹೋಗಿ, ಅಲ್ಲಿ ಪಾಲಿಕೆಯ ಹೆಸರು ಕುಳಿತಿತ್ತು. ಇದಕ್ಕೆಲ್ಲ ಆಧಾರವೇನೆಂದು ಕೇಳಿದಾಗ ಪಾಲಿಕೆ ತೋರಿಸಿದ್ದು 1980ರ ತನ್ನ ಕಾಯಿದೆಯ 352ನೆಯ ಕಲಮನ್ನು. ಆ ಕಲಮು ರಸ್ತೆಗೋ ಉದ್ಯಾನಕ್ಕೋ ಬೇಕಾದ ಜಾಗವನ್ನು ಗುರುತಿಸಲು ಮಾತ್ರ ಅಧಿಕಾರ ಕೊಡುತ್ತದೆಯೇ ಹೊರತು ಕಿತ್ತುಕೊಳ್ಳಲು ಅಲ್ಲವೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯ ಹೇಳಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದು, ಮೇಲ್ಮನವಿಯನ್ನು ವಜಾ ಮಾಡಿ, ಪಾಲಿಕೆಯು ಐದು ಲಕ್ಷ ರೂಪಾಯಿ ಖರ್ಚು ತೆರಬೇಕೆಂದು ಆದೇಶಿಸಿತು.

ಮೊಕದ್ದಮೆ ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಪೀಠವು ಅಲ್ಲಿಗೆ ನಿಲ್ಲದೆ, ಕಾಯಿದೆಯ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಳೆಯಕೂಡದೆಂದು ಹೇಳುವ ಸಂವಿಧಾನದ 300ಎ ವಿಧಿಯನ್ನು ಬಿಡಿಸಿ ನೋಡಿತು. ಒಂದೇ ವಾಕ್ಯದ ಆ ವಿಧಿಯೊಳಗೆ ಏಳು ಉಪಹಕ್ಕುಗಳು ಹೆಣೆದುಕೊಂಡಿವೆ ಎಂದು ತೋರಿಸಿತು. ಆಸ್ತಿಯನ್ನು ತೆಗೆದುಕೊಳ್ಳುವ ಇಚ್ಛೆಯಿದ್ದರೆ ಸರ್ಕಾರ ಮೊದಲು ಮಾಲೀಕನಿಗೆ ತಿಳಿಸಬೇಕು. ಅವನ ಆಕ್ಷೇಪಣೆಗಳನ್ನು ಕೇಳಬೇಕು. ಕೇಳಿದ ಮೇಲೆ ಏನು ತೀರ್ಮಾನಿಸಿತೋ ಅದನ್ನು ಕಾರಣಸಹಿತ ಹೇಳಬೇಕು. ಸ್ವಾಧೀನವು ಸಾರ್ವಜನಿಕ ಉದ್ದೇಶಕ್ಕಾಗಿಯೇ ಎಂದು ತೋರಿಸಿಕೊಡಬೇಕು. ನ್ಯಾಯವಾದ ಪರಿಹಾರವನ್ನೋ ಪುನರ್ವಸತಿಯನ್ನೋ ಒದಗಿಸಬೇಕು. ಈ ಕೆಲಸವನ್ನೆಲ್ಲ ದಕ್ಷತೆಯಿಂದ, ಗೊತ್ತಾದ ಅವಧಿಯೊಳಗೆ ನಡೆಸಬೇಕು. ಕೊನೆಗೆ ಪ್ರಕ್ರಿಯೆಯನ್ನು ನಡುವೆ ತೂಗುಬಿಡದೆ ಒಂದು ದಡ ಸೇರಿಸಬೇಕು. ಈ ಏಳರಲ್ಲಿ ಒಂದು ಎಳೆ ಹರಿದರೂ ಸ್ವಾಧೀನವನ್ನು ಪ್ರಶ್ನಿಸಬಹುದು.

ಇದರ ಬೆಲೆ ತಿಳಿಯಬೇಕಾದರೆ ಆಸ್ತಿಯ ಹಕ್ಕು ನಮ್ಮ ಗಣರಾಜ್ಯದಲ್ಲಿ ಸವೆದ ಬಗೆಯನ್ನು ಸ್ವಲ್ಪ ನೆನೆಯಬೇಕು. 1950ರಲ್ಲಿ ಅದು ಮೂಲಭೂತ ಹಕ್ಕಾಗಿತ್ತು. ಜಮೀನ್ದಾರಿಯನ್ನು ಕೊನೆಗಾಣಿಸುವ ಕಾನೂನುಗಳಿಗೆ ಅದು ಅಡ್ಡಬರುತ್ತದೆಂಬ ಆತಂಕದಿಂದ 1951ರಲ್ಲಿಯೇ ಸಂವಿಧಾನದ ಮೊದಲ ತಿದ್ದುಪಡಿಯಾಯಿತು. ಪರಿಹಾರ ಸಾಲದೆಂದು ನ್ಯಾಯಾಲಯದ ಮೆಟ್ಟಿಲೇರುವ ಬಾಗಿಲನ್ನು 1955ರ ತಿದ್ದುಪಡಿ ಮುಚ್ಚಿತು. 1971ರಲ್ಲಿ ಪರಿಹಾರವೆಂಬ ಶಬ್ದವನ್ನೇ ತೆಗೆದು ಮೊತ್ತವೆಂಬ ಶಬ್ದವನ್ನು ಸೇರಿಸಲಾಯಿತು. ಕಡೆಗೆ 1978ರ 44ನೆಯ ತಿದ್ದುಪಡಿಯು ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ಎಂಬ ಈ ಒಂದೇ ಸಾಲಿನ ಆಸರೆ ಕೊಟ್ಟಿತು. ಶಾಸನಸಭೆ ಒಂದು ಕಾಯಿದೆ ಮಾಡಿಬಿಟ್ಟರೆ ಸಾಕು, ಆ ಸಾಲಿನ ಕೆಲಸ ಮುಗಿಯಿತು ಎಂದು ಬಗೆದವರು ಹಲವರು. ಕಾಯಿದೆಯೊಂದು ಇದ್ದರೆ ಸಾಲದು, ಅದರೊಳಗೆ ನ್ಯಾಯದ ನಡೆಯೂ ಇರಬೇಕು, ದುಡ್ಡು ಕೊಟ್ಟ ಮಾತ್ರಕ್ಕೆ ಸಂವಿಧಾನದ ರಕ್ಷಣೆ ಮುಗಿಯುವುದಿಲ್ಲ ಎಂದು 2024ರ ತೀರ್ಪು ಹೇಳಿತು. ಒಣಗಿದ ಸಾಲಿಗೆ ಜೀವ ಬಂದಿತು.

ಇನ್ನು ನನ್ನ ಅತೃಪ್ತಿ. ಏಳು ಎಳೆಗಳಲ್ಲಿ ಆರು, ಸರ್ಕಾರ ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಹೇಳುತ್ತವೆ. ಏಕೆ ತೆಗೆದುಕೊಳ್ಳಬೇಕು ಎಂದು ಕೇಳುವುದು ನಾಲ್ಕನೆಯ ಎಳೆ ಒಂದೇ. ತೀರ್ಪಿನಲ್ಲಿ ಅದಕ್ಕೆ ದಕ್ಕಿರುವುದು ಕೆಲವೇ ವಾಕ್ಯಗಳು. ಸಾರ್ವಜನಿಕ ಉದ್ದೇಶವೆಂಬುದು ಅಧಿಕಾರಿಗಳ ವಿವೇಚನೆಗೆ ಹಾಕಿದ ಮುಖ್ಯ ಕಡಿವಾಣವೆಂದೂ, ಅದು ಕಲ್ಯಾಣರಾಜ್ಯದ ಹಾಗೂ ಹಂಚಿಕೆಯ ನ್ಯಾಯದ ಗುರಿಗಳಿಗೆ ಒಪ್ಪುವಂತಿರಬೇಕೆಂದೂ ಹೇಳಿ ಪೀಠವು ಮುಂದೆ ಸಾಗುತ್ತದೆ. ಆ ಮೊಕದ್ದಮೆಯಲ್ಲಿ ಉದ್ದೇಶದ ಬಗೆಗೆ ತಕರಾರೇ ಇರಲಿಲ್ಲವೆಂಬುದು ನಿಜ. ಉದ್ಯಾನವು ಸಾರ್ವಜನಿಕವಲ್ಲವೆಂದು ಯಾರು ವಾದಿಸಿಯಾರು? ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ನ್ಯಾಯಾಧೀಶರನ್ನು ದೂರುವುದು ತರವಲ್ಲ. ಆದರೂ ಮುಂದಿನ ಮೊಕದ್ದಮೆಗಳಿಗೆ ಅಳತೆಗೋಲಾಗಬೇಕೆಂದೇ ಹೆಣೆದ ಚೌಕಟ್ಟಿನಲ್ಲಿ ಅತ್ಯಂತ ಭಾರ ಹೊರಬೇಕಾದ ಎಳೆಯೇ ಅತ್ಯಂತ ತೆಳುವಾಗಿರುವುದನ್ನು ಗಮನಿಸದಿರಲಾಗದು.

ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು ನಮಗೆಲ್ಲರಿಗೂ ಪರಿಚಿತವಾದ ಒಂದು ಪ್ರಕರಣಕ್ಕೆ ಈ ಅಳತೆಗೋಲನ್ನು ಹಿಡಿದು ನೋಡೋಣ. ಅರಸುಗಳ ಮೊದಲ ಗ್ರಂಥದ 21ನೆಯ ಅಧ್ಯಾಯದಲ್ಲಿರುವ ನಾಬೋತನ ದ್ರಾಕ್ಷಿತೋಟದ ಕಥೆಯನ್ನು ದುಷ್ಟ ಅರಸನೊಬ್ಬ ಬಡವನ ತೋಟವನ್ನು ದೋಚಿದ ಕಥೆಯೆಂದು ಧರ್ಮೋಪದೇಶದ ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ನಿಧಾನವಾಗಿ ಓದಿದರೆ ಬೇರೆಯ ಸಂಗತಿಯೂ ಕಾಣುತ್ತದೆ. ಅಹಾಬನು ದೋಚಲು ಬರಲಿಲ್ಲ, ಕೇಳಲು ಬಂದನು. ತೋಟ ತನ್ನ ಅರಮನೆಯ ಮಗ್ಗುಲಲ್ಲಿದೆ, ಕಾಯಿಪಲ್ಯದ ತೋಟ ಮಾಡಿಕೊಳ್ಳಬೇಕು ಎಂದು ಉದ್ದೇಶವನ್ನು ಬಾಯಿಬಿಟ್ಟು ಹೇಳಿದನು. ಅದಕ್ಕಿಂತ ಉತ್ತಮವಾದ ಬೇರೊಂದು ತೋಟವನ್ನೋ, ಬೇಕಾದರೆ ಬೆಲೆಯನ್ನು ಬೆಳ್ಳಿಯಲ್ಲೋ ಕೊಡುವೆನೆಂದನು. ಇಂದಿನ ಯಾವ ಭೂಸ್ವಾಧೀನಾಧಿಕಾರಿಯೂ ಇದಕ್ಕಿಂತ ಉದಾರವಾದ ಪರಿಹಾರವನ್ನು ಮುಂದಿಡಲಾರನು. ನಾಬೋತನು ಒಪ್ಪಲಿಲ್ಲ. ಪಿತೃಗಳಿಂದ ಬಂದ ಸ್ವಾಸ್ತ್ಯವದು, ಕೊಡಲಾಗದು ಎಂದನು. ಅರಸನು ಹಾಸಿಗೆಯ ಮೇಲೆ ಮುಖ ತಿರುಗಿಸಿ ಮಲಗಿದನು, ಊಟ ಬಿಟ್ಟನು.

ಮುಂದಿನದು ಈಜೆಬೆಲಳ ಕೆಲಸ. ಅವಳೂ ಸೈನಿಕರನ್ನು ಕಳಿಸಿ ಬೇಲಿ ಮುರಿಸಲಿಲ್ಲ. ಅರಸನ ಮುದ್ರೆಯೊತ್ತಿದ ಪತ್ರಗಳನ್ನು ಊರಿನ ಹಿರಿಯರಿಗೆ ಬರೆದಳು. ಉಪವಾಸ ಸಾರಿಸಿ ಸಭೆ ಕರೆಸಿದಳು. ನಾಬೋತನನ್ನು ಎಲ್ಲರ ಎದುರಿಗೆ ಕುಳ್ಳಿರಿಸಲಾಯಿತು. ನ್ಯಾಯಪ್ರಮಾಣಕ್ಕೆ ಇಬ್ಬರು ಸಾಕ್ಷಿಗಳಿರಬೇಕಷ್ಟೆ, ಇಬ್ಬರೂ ಬಂದರು. ತೀರ್ಪಾಯಿತು, ಶಿಕ್ಷೆಯೂ ಆಯಿತು. ಹೀಗೆ ಪತ್ರವಿತ್ತು, ಮುದ್ರೆಯಿತ್ತು, ಸಭೆಯಿತ್ತು, ಸಾಕ್ಷ್ಯವಿತ್ತು. ವಿಳಂಬವಂತೂ ಇರಲೇ ಇಲ್ಲ. ಎಲ್ಲವೂ ಮುಗಿದು ಅಹಾಬನು ತೋಟಕ್ಕಿಳಿದಾಗ ಪ್ರಕ್ರಿಯೆಯೂ ಸಮಾಪ್ತಿಯಾಗಿತ್ತು. ಸಾಕ್ಷಿಗಳು ಸುಳ್ಳರೆಂಬುದನ್ನು ನಾವು ಬಲ್ಲೆವು, ಏಕೆಂದರೆ ಕಥೆಗಾರ ನಮಗೆ ಹೇಳಿದ್ದಾನೆ. ಕಡತವನ್ನು ಮಾತ್ರ ನೋಡುವ ಮೇಲ್ಮನವಿಯ ನ್ಯಾಯಾಲಯಕ್ಕೆ ಅದು ಗೊತ್ತಾಗುವುದು ಹೇಗೆ? ಕಾಗದದ ಮೇಲೆ ಎಳೆಗಳೆಲ್ಲ ಗಟ್ಟಿಯಾಗಿಯೇ ಇವೆ, ಒಂದನ್ನು ಬಿಟ್ಟು. ಅರಮನೆಯ ಕಾಯಿಪಲ್ಯದ ತೋಟ ಯಾವ ಊರಿನ ಸಾರ್ವಜನಿಕ ಉದ್ದೇಶ? ಎಲೀಯನು ಬಂದು ಕೇಳಿದ್ದೂ ನೋಟೀಸು ಕೊಟ್ಟೆಯಾ ಎಂದಲ್ಲ. ಕೊಂದು ಸ್ವಾಧೀನಮಾಡಿಕೊಂಡೆಯಲ್ಲ ಎಂದು ಅವನು ಅರಸನ ಮುಖಕ್ಕೇ ಹೇಳಿದನು.

ಅದೇ ಗ್ರಂಥಪರಂಪರೆಯಲ್ಲಿ ಅರಸನ ಕೈಗೆ ನೇರವಾಗಿ ಮೇರೆ ಹಾಕುವ ಮಾತುಗಳೂ ಇವೆ. ಅರಸನನ್ನು ಬೇಡಿದ ಜನರಿಗೆ, ಅವನು ನಿಮ್ಮ ಉತ್ತಮವಾದ ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪುಗಳನ್ನು ಕಿತ್ತು ತನ್ನ ಸೇವಕರಿಗೆ ಕೊಡುವನೆಂದು ಸಮುವೇಲನು ಮುಂಚೆಯೇ ಎಚ್ಚರಿಸಿದ್ದನು. ಪ್ರಭುವು ಪ್ರಜೆಗಳ ಸ್ವಾಸ್ತ್ಯವನ್ನು ಅಪಹರಿಸದೆ ತನ್ನ ಸ್ವಂತ ಭೂಮಿಯಿಂದಲೇ ಮಕ್ಕಳಿಗೆ ಪಾಲು ಕೊಡಬೇಕೆಂದು ಯೆಹೆಜ್ಕೇಲನ ಗ್ರಂಥದ 46ನೆಯ ಅಧ್ಯಾಯ ವಿಧಿಸುತ್ತದೆ. ತನ್ನ ಸೇವಕರಿಗೆ ಕೊಡುವನು ಎಂಬ ಸಮುವೇಲನ ನುಡಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ತೆಗೆದುಕೊಳ್ಳುವ ಕೈ ಅರಸನದು, ಉಣ್ಣುವ ಬಾಯಿ ಬೇರೆಯವರದು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಸಂತ ಅಂಬ್ರೋಸರು ನಾಬೋತನನ್ನು ಕುರಿತೇ ಒಂದು ಗ್ರಂಥ ರಚಿಸಿದಾಗ ಅವರ ಮಾತಿನ ಏಟು ಬಿದ್ದದ್ದು ಅರಸರಿಗಿಂತ ಹೆಚ್ಚಾಗಿ ಧನಿಕರ ಮೇಲೆ.

ನಮ್ಮ ದೇಶದ ನ್ಯಾಯಾಲಯಗಳು ಎಡವುತ್ತ ಬಂದಿರುವುದೂ ಇದೇ ಕಲ್ಲನ್ನು. 1894ರ ಬ್ರಿಟಿಷ್ ಕಾಲದ ಭೂಸ್ವಾಧೀನ ಕಾಯಿದೆಯು 2013ರ ಕೊನೆಯವರೆಗೂ ನಮ್ಮನ್ನು ಆಳಿತು. ಸಾರ್ವಜನಿಕ ಉದ್ದೇಶವಿದೆಯೆಂದು ಸರ್ಕಾರ ಘೋಷಿಸಿದರೆ ಆ ಘೋಷಣೆಯೇ ಅದಕ್ಕೆ ನಿರ್ಣಾಯಕ ಪುರಾವೆ ಎಂದು ಅದರ 6ನೆಯ ಕಲಮು ಹೇಳುತ್ತಿತ್ತು. ತಾನೇ ಬರೆದ ಚೀಟಿಗೆ ತಾನೇ ಸಾಕ್ಷಿ. 1960ರ ದಶಕದ ಆರಂಭದಲ್ಲಿ ಪಂಜಾಬಿನ ಒಂದು ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ಶೈತ್ಯಯಂತ್ರದ ಭಾಗಗಳನ್ನು ತಯಾರಿಸುವ ಖಾಸಗಿ ಕಾರ್ಖಾನೆಗಾಗಿ ಜಮೀನು ತೆಗೆದುಕೊಳ್ಳಲಾಗಿತ್ತು. ಸಾರ್ವಜನಿಕ ಉದ್ದೇಶವೆನ್ನಬೇಕಾದರೆ ಪರಿಹಾರದ ಒಂದಂಶವಾದರೂ ಸರ್ಕಾರದ ಬೊಕ್ಕಸದಿಂದ ಬರಬೇಕಿತ್ತು. ಪಂಜಾಬ್ ಸರ್ಕಾರ ಕೊಡಲೊಪ್ಪಿದ್ದು ನೂರು ರೂಪಾಯಿ. ಆ ನೂರು ರೂಪಾಯಿ ಸಾಕೆಂದು ಬಹುಮತದ ತೀರ್ಪಾಯಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಅಧಿಕಾರದ ಸೋಗಿನ ಬಳಕೆಯಾದರೆ ತಾನು ಮಧ್ಯೆ ಬರುವೆನೆಂಬ ಕಿಂಡಿಯೊಂದನ್ನು ನ್ಯಾಯಾಲಯ ಉಳಿಸಿಕೊಂಡಿತೆಂಬುದೇ ಸಮಾಧಾನ.

ಐವತ್ತು ವರ್ಷಗಳ ಮೇಲೆ ಸಿಂಗೂರಿನ ಪ್ರಕರಣ ಬಂದಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಟಾಟಾ ಕಂಪನಿಯ ಸಣ್ಣ ಕಾರಿನ ಕಾರ್ಖಾನೆಗೆಂದು 2006ರಲ್ಲಿ ಸುಮಾರು 997 ಎಕರೆ ಜಮೀನನ್ನು ವಶಪಡಿಸಿಕೊಳ್ಳಲಾಯಿತು. ರೈತರ ಪ್ರತಿಭಟನೆಯ ನಂತರ 2008ರಲ್ಲಿ ಕಂಪನಿ ಗುಜರಾತಿಗೆ ಹೊರಟುಹೋಯಿತು. 2016ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಸ್ವಾಧೀನವನ್ನು ರದ್ದುಗೊಳಿಸಿ ಜಮೀನನ್ನು ರೈತರಿಗೆ ಮರಳಿಸಬೇಕೆಂದು ಆದೇಶಿಸಿತು. ಫಲಿತಾಂಶದಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಒಂದಾಗಿದ್ದರು. ಆದರೆ ಕಾರಣದಲ್ಲಿ? ನಮ್ಮ ನಾಡಿನವರಾದ ನ್ಯಾಯಮೂರ್ತಿ ವಿ. ಗೋಪಾಲ ಗೌಡರು, ಒಂದು ಕಂಪನಿಗಾಗಿ ನಡೆದ ಈ ಸ್ವಾಧೀನ ಸಾರ್ವಜನಿಕ ಉದ್ದೇಶದ್ದೇ ಅಲ್ಲವೆಂದರು. ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರು, ಉದ್ಯೋಗ ಹುಟ್ಟಿಸುವ ಕಾರ್ಖಾನೆ ಸಾರ್ವಜನಿಕ ಉದ್ದೇಶವೇ ಸರಿ, ರೈತರ ಆಕ್ಷೇಪಣೆಗಳನ್ನು ಸರಿಯಾಗಿ ವಿಚಾರಿಸದಿದ್ದುದರಿಂದ ಸ್ವಾಧೀನ ಬೀಳುತ್ತದೆ ಎಂದರು. ಹೇಗೆ ಎಂಬುದರಲ್ಲಿ ಒಮ್ಮತ, ಏಕೆ ಎಂಬುದರಲ್ಲಿ ಇಬ್ಭಾಗ. ಅಧಿಕಾರಿಗಳು ಆಕ್ಷೇಪಣೆಗಳಿಗೆಲ್ಲ ನೀಟಾಗಿ ಉತ್ತರ ಬರೆದಿಟ್ಟಿದ್ದರೆ ಆ ರೈತರ ಗತಿಯೇನಾಗುತ್ತಿತ್ತು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ.

ಈ ತೊಡಕು ನಮ್ಮದೊಂದೇ ದೇಶದ್ದಲ್ಲ. ಸಾರ್ವಜನಿಕ ಬಳಕೆ ಎಂಬ ಇನ್ನೂ ಬಿಗಿಯಾದ ಶಬ್ದವೇ ಸಂವಿಧಾನದಲ್ಲಿರುವ ಅಮೆರಿಕದಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಪಟ್ಟಣವು ಆರ್ಥಿಕ ಅಭಿವೃದ್ಧಿಗಾಗಿ ವಾಸದ ಮನೆಗಳನ್ನು ತೆಗೆದುಕೊಂಡುದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಒಪ್ಪಿತು. ಪಕ್ಕದಲ್ಲಿಯೇ ಇದ್ದ ಫೈಜರ್ ಔಷಧ ಕಂಪನಿಯ ಸಂಶೋಧನಾ ಕೇಂದ್ರ ಆ ಯೋಜನೆಗೆ ಪ್ರೇರಣೆಯಾಗಿತ್ತು. 2009ರಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೆಯುವುದಾಗಿ ಪ್ರಕಟಿಸಿತು. ಮನೆಗಳಿದ್ದ ಜಾಗ ವರ್ಷಗಟ್ಟಲೆ ಬರಿದಾಗಿ ಬಿದ್ದಿತ್ತು. ಜನರ ಸಿಟ್ಟು ಎಷ್ಟಿತ್ತೆಂದರೆ ನಲವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನುಗಳನ್ನು ತಿದ್ದಿಕೊಂಡವು. ನ್ಯಾಯಾಲಯ ಎಳೆಯದ ಗೆರೆಯನ್ನು ಶಾಸನಸಭೆಗಳು ಎಳೆದವು.

ಹಾಗಾದರೆ ಖಾಸಗಿ ಆಸ್ತಿಯ ಸುತ್ತ ಯಾರೂ ದಾಟಲಾಗದ ಕೋಟೆ ಕಟ್ಟಬೇಕೆ? ಹಾಗೆ ಹೇಳಲು ನಮ್ಮಲ್ಲಿ ಅನೇಕರಿಗೆ ಬಾಯಿ ಬಾರದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನೆಲ್ಲ ಸರ್ಕಾರದಲ್ಲಿ ನಿಹಿತಗೊಳಿಸಿತು. ಭೂ ನ್ಯಾಯಮಂಡಳಿಗಳ ಮುಂದೆ ಡಿಕ್ಲರೇಶನ್ ಸಲ್ಲಿಸಿದ ಗೇಣಿದಾರರಿಗೆ ಹಕ್ಕು ದೊರೆಯಿತು. ತಲೆಮಾರುಗಳಿಂದ ಧಣಿಯ ಮನೆಗೆ ಅಕ್ಕಿ ಅಳೆದುಕೊಟ್ಟ ಕರಾವಳಿಯ ಎಷ್ಟೋ ಕ್ರೈಸ್ತ ಕುಟುಂಬಗಳು ಒಡೆತನದ ಕಾಗದ ಕಂಡದ್ದು ಆಗಲೇ. ಅದೂ ಸರ್ಕಾರವು ಒಬ್ಬರ ಆಸ್ತಿಯನ್ನು ತೆಗೆದುಕೊಂಡ ಕ್ರಮವೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ 1970ರಲ್ಲಿ ನ್ಯಾಯಾಲಯಕ್ಕೆ ಹೋದರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠದಿಂದ ಹೊರಬಂದ ಆ ಮೊಕದ್ದಮೆಯ ತೀರ್ಪು ಸಂವಿಧಾನದ ಮೂಲ ಸ್ವರೂಪವನ್ನು ರಕ್ಷಿಸಿತು. ಆದರೆ ಆಸ್ತಿಯ ಹಕ್ಕನ್ನು ಆ ಮೂಲ ಸ್ವರೂಪದ ಭಾಗವೆಂದು ಅದು ಎಣಿಸಲಿಲ್ಲ. 1967ರ ವಿಶ್ವಪತ್ರದಲ್ಲಿ ಪೋಪ್ ಆರನೆಯ ಪೌಲರು, ಪಾಳುಬಿದ್ದ ಅಥವಾ ಜನರ ಬಡತನಕ್ಕೆ ಕಾರಣವಾದ ಹಿಡುವಳಿಗಳನ್ನು ಸರ್ವಹಿತಕ್ಕಾಗಿ ತೆಗೆದುಕೊಳ್ಳುವುದು ಕೆಲವೊಮ್ಮೆ ಅಗತ್ಯವೆಂದೇ ಬರೆದರು.

ಇಲ್ಲಿಯೇ ಉದ್ದೇಶವೆಂಬ ಎಳೆಯನ್ನು ಬಲಪಡಿಸುವ ದಾರಿಯೂ ಕಾಣುತ್ತದೆಂದು ನನ್ನ ನಂಬಿಕೆ. 1974ರಲ್ಲಿ ಜಮೀನು ಹೋದದ್ದು ಯಾರಿಂದ, ಬಂದದ್ದು ಯಾರಿಗೆ? ಸಿಂಗೂರಿನಲ್ಲಿ ಹೋದದ್ದು ಯಾರಿಂದ, ಸೇರಬೇಕಾಗಿದ್ದುದು ಯಾರಿಗೆ? ಹಂಚಿಕೆಯ ನ್ಯಾಯ ಎಂಬ ಮಾತನ್ನು 2024ರ ತೀರ್ಪು ಬಳಸಿ ಮುಂದೆ ಹೋಗುತ್ತದೆ. ಅಲ್ಲಿ ನಿಂತು ಈ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ನಾಲ್ಕನೆಯ ಎಳೆ ಗಟ್ಟಿಯಾಗುತ್ತಿತ್ತು. ಅದೇ ವರ್ಷದ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಪ್ರತಿಯೊಂದು ಖಾಸಗಿ ಸ್ವತ್ತನ್ನೂ ಸಮುದಾಯದ ಸಂಪನ್ಮೂಲವೆಂದು ಬಗೆಯಲಾಗದೆಂದು ಬಹುಮತದಿಂದ ಹೇಳಿತು. ಸಂಪನ್ಮೂಲದ ಸ್ವರೂಪವೇನು, ಅದು ಎಷ್ಟು ವಿರಳ, ಕೆಲವರ ಕೈಯಲ್ಲೇ ಕೂಡಿಬಿದ್ದರೆ ಆಗುವ ಪರಿಣಾಮವೇನು ಎಂದೆಲ್ಲ ನೋಡಬೇಕೆಂದಿತು. 1976ರಲ್ಲಿ ಕರ್ನಾಟಕವು ಖಾಸಗಿ ಬಸ್ಸುಗಳನ್ನು ವಹಿಸಿಕೊಂಡ ಕಾಯಿದೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದ ವಿಶಾಲವಾದ ಅಭಿಪ್ರಾಯವನ್ನು ಬದಿಗಿರಿಸಿ ಆಡಿದ ಮಾತು ಇದು. ಆ ಮಾತು ಬಂದದ್ದು ಸಂವಿಧಾನದ ಬೇರೊಂದು ವಿಧಿಯ ಸಂಬಂಧದಲ್ಲಿ. ಆದರೂ ಏಕೆ ಎಂಬ ಪ್ರಶ್ನೆಯನ್ನು ನ್ಯಾಯಾಲಯವು ಸಾಮಗ್ರಿಯಿಟ್ಟು ತೂಗಬಲ್ಲದೆಂಬುದಕ್ಕೆ ಅದು ನಿದರ್ಶನ.

ಇದೆಲ್ಲ ನಮ್ಮ ಊರುಗಳಿಗೆ ಹೇಗೆ ತಟ್ಟುತ್ತದೆಂಬುದನ್ನು ನೋಡಬೇಕು. 2013ರ ಕೇಂದ್ರ ಕಾಯಿದೆಯು 1894ರದ್ದನ್ನು ತೆಗೆದುಹಾಕಿ, ಸ್ವಾಧೀನಕ್ಕೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕೆಂದಿತು. ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟು, ಸರ್ಕಾರಿ ಖಾಸಗಿ ಸಹಭಾಗಿತ್ವಕ್ಕಾದರೆ ನೂರಕ್ಕೆ 70ರಷ್ಟು ಒಪ್ಪಿಗೆ ಬೇಕೆಂದಿತು. ಏಕೆ ಎಂಬ ಪ್ರಶ್ನೆಯನ್ನು ಜನರ ಕೈಗೇ ಕೊಟ್ಟ ಕಾಯಿದೆ ಅದು. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗಾಗಿ ಜಮೀನು ಹೋಗುವುದು ಬಹುಮಟ್ಟಿಗೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯ ಮೂಲಕ. ಅದರ 28ನೆಯ ಕಲಮಿನಲ್ಲಿ ನೋಟೀಸು ಉಂಟು, ವಿಚಾರಣೆ ಉಂಟು. ಪರಿಣಾಮದ ಅಧ್ಯಯನವಿಲ್ಲ, ಒಪ್ಪಿಗೆಯ ಮಾತಿಲ್ಲ. ಮುಂಬಾಗಿಲಿಗೆ ಹೊಸ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಹಾಗೆಯೇ ಬಿಟ್ಟಂತಾಯಿತು. ಸಾಲದ್ದಕ್ಕೆ 2019ರಲ್ಲಿ ರಾಜ್ಯವು ಕೇಂದ್ರ ಕಾಯಿದೆಗೂ ತಿದ್ದುಪಡಿ ತಂದು, ಕೆಲವು ಬಗೆಯ ಯೋಜನೆಗಳನ್ನು ಅಧ್ಯಯನದಿಂದಲೂ ಒಪ್ಪಿಗೆಯಿಂದಲೂ ಹೊರಗಿಡಲು ಅವಕಾಶ ಮಾಡಿಕೊಂಡಿತು.

ಹಿತ್ತಿಲ ಬಾಗಿಲಿನಿಂದ ಜಮೀನು ಹೋದವರ ಪಾಡಿಗೆ ಒಂದು ಉದಾಹರಣೆ ಸಾಕು. ಬೆಂಗಳೂರು ಮೈಸೂರು ಮೂಲಸೌಕರ್ಯ ಕಾರಿಡಾರಿಗಾಗಿ 2003ರಲ್ಲಿ ಗೊಟ್ಟಿಗೆರೆಯ ಸುತ್ತಿನಲ್ಲಿ ಅಧಿಸೂಚನೆ ಹೊರಟಿತು. ತೊಂಬತ್ತರ ದಶಕದಲ್ಲಿ ಅಲ್ಲಿ ಮನೆ ಕಟ್ಟಲೆಂದು ನಿವೇಶನ ಕೊಂಡವರ ಜಾಗವನ್ನು 2005ರಲ್ಲಿ ವಶಪಡಿಸಿಕೊಳ್ಳಲಾಯಿತು. ಪರಿಹಾರದ ಐತೀರ್ಪು ಮಾತ್ರ ಬರಲಿಲ್ಲ. ನ್ಯಾಯಾಂಗ ನಿಂದನೆಯ ಬಿಸಿ ತಟ್ಟಿದ ಮೇಲೆ, 2019ರಲ್ಲಿ, 2011ರ ಮಾರ್ಗಸೂಚಿ ದರ ಹಿಡಿದು ಲೆಕ್ಕ ಹಾಕಲಾಯಿತು. 2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಅವರ ಪೀಠ ತನ್ನ ವಿಶೇಷಾಧಿಕಾರವನ್ನು ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ಕೊಡಬೇಕೆಂದಿತು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷಗಳು ಸಂದಿದ್ದವು. ಪರಿಹಾರ, ಸಕಾಲಿಕತೆ, ಸಮಾಪ್ತಿ ಎಂಬ ಎಳೆಗಳು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಎಳೆಗಳನ್ನು ನಾನು ಹಗುರವಾಗಿ ಕಾಣುತ್ತಿದ್ದೇನೆಂದು ಯಾರೂ ತಿಳಿಯಬಾರದು.

ಆದರೆ ಬೆಲೆಯ ಮಾತೇ ಬೇಡ, ಜಮೀನೇ ಕೊಡುವುದಿಲ್ಲ ಎಂದವರ ಕಥೆ ಬೇರೆ. ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೆಯ ಹಂತಕ್ಕೆ ಗುರುತಿಸಿದ್ದ ಪೆರ್ಮುದೆ, ಎಕ್ಕಾರು ಮುಂತಾದ ಕಡೆಯ ಎರಡು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸರ್ಕಾರ 2011ರಲ್ಲಿ ಕೈಬಿಟ್ಟಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಕೈಗಾರಿಕೆಗಾಗಿ ತೆಗೆದುಕೊಳ್ಳಲು ಹೊರಟಾಗ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಎರಡೂ ಕಡೆ ಗೆರೆ ಎಳೆದದ್ದು ನ್ಯಾಯಾಲಯವಲ್ಲ. ದೇವನಹಳ್ಳಿಯ ರೈತರು ನ್ಯಾಯಾಲಯದ ಬದಲು ರಸ್ತೆಯ ಬದಿಯಲ್ಲಿ ಕುಳಿತದ್ದು ಕಾನೂನು ತಿಳಿಯದೆ ಅಲ್ಲ. ನೋಟೀಸು ಬಂದಿದೆ, ವಿಚಾರಣೆ ಆಗಿದೆ, ಇನ್ನು ನಿಮ್ಮದೇನು ಎಂದು ಕೇಳುವ ಕಟ್ಟಡದಲ್ಲಿ, ಈ ಹಸಿರು ನೆಲವೇ ಏಕೆ ಬೇಕೆಂಬ ತಮ್ಮ ಪ್ರಶ್ನೆಗೆ ಕಿವಿ ಸಿಗುವುದು ಕಷ್ಟವೆಂದು ಅವರು ಬಲ್ಲರು. ಸಾವಿರ ದಿನ ಕೂರುವ ಶಕ್ತಿ, ಸಂಘಟನೆ ಎಲ್ಲ ಊರಿಗೂ ಇರುವುದಿಲ್ಲ. ಐದು ಸೆಂಟ್ಸು ಜಾಗದಲ್ಲಿ ಒಂಟಿಮನೆ ಕಟ್ಟಿಕೊಂಡ ವಿಧವೆಗೆ ಧರಣಿಯ ಚಪ್ಪರ ಯಾರು ಹಾಕಿಕೊಟ್ಟಾರು? ಅಂಥವರಿಗಾಗಿಯೇ ನಾಲ್ಕನೆಯ ಎಳೆ ಗಟ್ಟಿಯಾಗಬೇಕಾಗಿರುವುದು.

ಇರುವ ಕಾನೂನಿನಲ್ಲಿಯೂ ನಾವು ಬಳಸದೆ ಬಿಟ್ಟಿರುವ ಅವಕಾಶವೊಂದಿದೆ. 2013ರ ಕಾಯಿದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟರೆ, ಅದರ 15ನೆಯ ಕಲಮಿನಂತೆ 60 ದಿನಗಳೊಳಗೆ ಜಿಲ್ಲಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಜಮೀನಿನ ವಿಸ್ತೀರ್ಣ ಮತ್ತು ಯೋಗ್ಯತೆಯ ಬಗೆಗೆ ಮಾತ್ರವಲ್ಲ, ಸಾರ್ವಜನಿಕ ಉದ್ದೇಶಕ್ಕೆ ಕೊಟ್ಟ ಸಮರ್ಥನೆಯ ಬಗೆಗೂ, ಸಾಮಾಜಿಕ ಪರಿಣಾಮದ ವರದಿಯ ಬಗೆಗೂ ಆಕ್ಷೇಪಿಸಬಹುದೆಂದು ಆ ಕಲಮು ಬಿಡಿಸಿ ಹೇಳುತ್ತದೆ. ಆದರೆ ಸಾಮಾನ್ಯವಾಗಿ ನಾವು ಬರೆಯುವುದೇನು? ಸೆಂಟ್ಸಿಗೆ ಇಷ್ಟು ದರ ಸಾಲದು, ತೆಂಗಿನ ಮರಗಳನ್ನು ಎಣಿಸಿಲ್ಲ, ಬಾವಿಯ ಬೆಲೆ ಕಟ್ಟಿಲ್ಲ. ಹಾಗೆ ಬರೆದ ಕಾಗದವನ್ನು, ಕೊಡಲು ಮನಸ್ಸಿದೆ, ಚೌಕಾಶಿ ಮಾತ್ರ ಬಾಕಿ ಎಂದೇ ಕಚೇರಿ ಓದಿಕೊಳ್ಳುತ್ತದೆ. ದರದ ಮಾತನ್ನು ಬರೆಯಬೇಕು, ಆದರೆ ಎರಡನೆಯ ಪುಟದಲ್ಲಿ. ಯೋಜನೆಯ ಫಲ ಯಾರಿಗೆ ಸೇರುತ್ತದೆ, ಬೇರೆ ಜಾಗವನ್ನು ಪರಿಶೀಲಿಸಲಾಗಿದೆಯೇ, ಹಿಂದೆ ಇದೇ ಉದ್ದೇಶಕ್ಕೆ ತೆಗೆದುಕೊಂಡ ಜಮೀನಿನಲ್ಲಿ ಎಷ್ಟು ಖಾಲಿ ಬಿದ್ದಿದೆ ಎಂಬ ಪ್ರಶ್ನೆಗಳು ಮೊದಲ ಪುಟದಲ್ಲಿರಲಿ. ಇವುಗಳಿಗೆ ಕಾರಣಸಹಿತ ಉತ್ತರ ಕೊಡಬೇಕಾದ ಹೊಣೆಯನ್ನು ಕೋಲ್ಕತ್ತಾದ ತೀರ್ಪಿನ ಮೂರನೆಯ ಎಳೆ ಸರ್ಕಾರದ ಮೇಲೆ ಹೊರಿಸಿದೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಪಹಣಿಯ ಜೊತೆಗೇ ಕಪಾಟಿನಲ್ಲಿ ಇಟ್ಟುಕೊಳ್ಳಿರಿ.